ಗುಜರಿ ಮೈಕ್ರೋಸ್ಕೋಪ್ ರಿಪೇರಿ: ಮೊಸರಿನ ಬ್ಯಾಕ್ಟೀರಿಯಾ ಕಂಡ ಎಂಟು ವಾರ

ಎಂಟನೇ ಕ್ಲಾಸಿಗೆ ಸೂಕ್ಷ್ಮಜೀವಿಗಳ ಪಾಠ ಬಂದಾಗಲೆಲ್ಲ ಬೋರ್ಡ್ ಮೇಲೆ ಒಂದು ಗುಂಡಗಿಂದು, ಒಂದು ಕಡ್ಡಿ ಥರದ್ದು, ಒಂದು ಸುರುಳಿ ಬರೆದು ಇದು ಕೋಕಸ್, ಇದು ಬ್ಯಾಸಿಲಸ್, ಇದು ಸ್ಪೈರಿಲಮ್ ಅಂತ ಹೇಳಿ ಮುಗಿಸ್ತಿದ್ದೆ. ಮಕ್ಕಳೂ ಹಾಗೇ ಬರ್ಕೊಂಡು ಪರೀಕ್ಷೇಲಿ ಹಾಗೇ ಬರೀತಿದ್ರು. ಹನ್ನೊಂದು ವರ್ಷ ಪಾಠ ಮಾಡಿದೀನಿ, ಒಂದು ಮಗುವೂ ಒಂದು ಬ್ಯಾಕ್ಟೀರಿಯಾನ ಕಣ್ಣಾರೆ ನೋಡಿಲ್ಲ. ಡಿಗ್ರಿ ಮುಗಿದ ಮೇಲೆ ನಾನೂ ನೋಡಿಲ್ಲ. ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ ಹೈಸ್ಕೂಲು, ಇಲ್ಲಿರೋ ಮೈಕ್ರೋಸ್ಕೋಪು ಈರುಳ್ಳಿ ಸಿಪ್ಪೆಗೆ ಸಾಕು, ಅದಕ್ಕಿಂತ ಮುಂದೆ ಹೋಗಲ್ಲ. ಈ ವರ್ಷ ಏನಾದ್ರೂ ಮಾಡಿ ತೋರಿಸ್ಲೇಬೇಕು ಅಂತ ಹಟ ಹಿಡಿದೆ. ಮಾಡಿದ್ದು, ಕೆಟ್ಟಿದ್ದು, ಖರ್ಚಾಗಿದ್ದು ಎಲ್ಲ ಡೈರೀಲಿ ಬರೆದಿಟ್ಟಿದ್ದೆ, ಬೇರೆ ಟೀಚರ್‌ಗಳಿಗೆ ಉಪಯೋಗ ಆಗ್ಲಿ ಅಂತ ಇಲ್ಲಿ ಹಾಕ್ತಿದೀನಿ.

ಜೂನ್ 14: ಗುಜರಿ ಅಂಗಡಿ

ಒಂದು ರಕ್ತ ಪರೀಕ್ಷೆ ಲ್ಯಾಬ್ ಮುಚ್ಚಿದಾಗ ಅವರ ಸಾಮಾನೆಲ್ಲ ಗುಜರಿಗೆ ಬಂದಿತ್ತು, ಅದ್ರಲ್ಲಿ ಮರದ ಪೆಟ್ಟಿಗೆ ಸಮೇತ ಈ ಮೈಕ್ರೋಸ್ಕೋಪ್. ಅಂಬಾಲದಲ್ಲಿ ತಯಾರಾದದ್ದು, ಮೇಲೆ ಕಣ್ಣಿಡೋ ಲೆನ್ಸು ಅಂದ್ರೆ ಐಪೀಸು 10ಎಕ್ಸ್ (ಹತ್ತು ಪಟ್ಟು ದೊಡ್ಡದು ಮಾಡೋದು), ಕೆಳಗೆ ಸ್ಲೈಡಿನ ಹತ್ರ ಬರೋ ಲೆನ್ಸು ಅಂದ್ರೆ ಆಬ್ಜೆಕ್ಟಿವು 10, 40, 100 ಮೂರು, ಮುಖ್ಯವಾಗಿ ಸ್ಲೈಡಿಗೆ ಕೆಳಗಿಂದ ಬೆಳಕು ಕೂಡಿಸಿ ಕೊಡೋ ಕಂಡೆನ್ಸರ್ ಇತ್ತು. 100ಎಕ್ಸ್ ಲೆನ್ಸ್ ಇದ್ದು ಕಂಡೆನ್ಸರ್ ಇಲ್ಲದಿದ್ರೆ ದುಡ್ಡು ದಂಡ, ಅಷ್ಟು ಹೆಚ್ಚು ಮಾಡಿದಾಗ ಬೆಳಕೇ ಸಾಲಲ್ಲ, ಗೆರೆಗಳೂ ಬಿಡಿಸಿ ಕಾಣಲ್ಲ. ಅಂಗಡಿಯವರು 2500 ಅಂದ್ರು, ಶಾಲೆಗೆ ಅಂದಿದ್ದಕ್ಕೆ 1800 ರೂ.ಗೆ ಕೊಟ್ರು.

ಮನೆಗೆ ತಂದು ನೋಡಿದ್ರೆ ಐಪೀಸ್ ಒಳಗೆ ಜೇಡರ ಬಲೆ ಥರ ಫಂಗಸ್. ಮಲೆನಾಡಲ್ಲಿ ಕ್ಯಾಮೆರಾ ಇಟ್ಕೊಂಡವರಿಗೆ ಇದು ಗೊತ್ತಿರತ್ತೆ, ಮೂರು ತಿಂಗಳ ಮಳೆಗೆ ಮುಚ್ಚಿದ ಪೆಟ್ಟಿಗೇಲಿ ಗಾಜಿನ ಮೇಲೂ ಬೂಸ್ಟು ಹಿಡಿಯತ್ತೆ. ಕೆಳಗಿನ ಕನ್ನಡಿಯ ರಸ ಅರ್ಧ ಹೋಗಿದೆ, ದೊಡ್ಡ ಫೋಕಸ್ ತಿರುಗಣೆ ಅಲ್ಲಾಡ್ತಾನೇ ಇಲ್ಲ, 40ಎಕ್ಸ್ ಲೆನ್ಸ್ ತುದಿಗೆ ಹಳೇ ಎಣ್ಣೆ ಒಣಗಿ ಅರಗಿನ ಥರ ಕೂತಿದೆ. ಚಿತ್ರ ಸ್ಪಷ್ಟ ಆಗೋಕೆ ಲೆನ್ಸಿಗೂ ಸ್ಲೈಡಿಗೂ ಮಧ್ಯೆ ಎಣ್ಣೆ ಹಾಕ್ಬೇಕಾಗಿದ್ದು 100ಕ್ಕೆ ಮಾತ್ರ. ಸ್ಲೈಡ್ ಮೇಲೆ ಎಣ್ಣೆ ಇರೋವಾಗಲೇ ಯಾರೋ 40ನ್ನ ತಿರುಗಿಸಿ ಅದನ್ನೂ ಮುಳುಗಿಸಿದಾರೆ.

ಜೂನ್ 15, ಭಾನುವಾರ: ಕ್ಲೀನಿಂಗ್

ತಗೊಂಡಿದ್ದು ವಾಚ್ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರ್ ಸೆಟ್ 180, ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ ಲೀಟರ್ 220 (ಮೊಬೈಲ್ ರಿಪೇರಿ ಅಂಗಡೀಲಿ ಐಪಿಎ ಅಂತ ಕೇಳಿದ್ರೆ ಕೊಡ್ತಾರೆ), ಕಿವಿಕಡ್ಡಿ ಮತ್ತು ಲೆನ್ಸ್ ಒರೆಸೋ ಪೇಪರ್ 90, ಗ್ರೀಸ್ 60. ಒಟ್ಟು 550.

ಕೊಳೆ ಯಾವ ಗಾಜಲ್ಲಿದೆ ಅಂತ ಹುಡುಕೋದಕ್ಕೆ ಸುಲಭ ದಾರಿ ಇದೆ. ನೋಡ್ತಾ ನೋಡ್ತಾ ಐಪೀಸನ್ನ ತಿರುಗಿಸ್ಬೇಕು, ಕಲೆ ಜೊತೇಲೇ ತಿರುಗಿದ್ರೆ ಅದು ಐಪೀಸ್‌ದು. ಸ್ಲೈಡ್ ಸರಿಸಿದಾಗ ಸರಿದ್ರೆ ಸ್ಲೈಡ್‌ದು. ಎರಡಕ್ಕೂ ಅಲ್ಲಾಡದೆ, ಬರೀ ಮಂಜು ಮಂಜಾಗಿ ಕಾಣ್ತಿದ್ರೆ ಆಬ್ಜೆಕ್ಟಿವ್ ಮೇಲೆ ಅನುಮಾನ ಪಡ್ಬೇಕು. ಐಪೀಸ್ ಬಿಚ್ಚಿ ಎರಡೂ ಗಾಜು ಒರೆಸಿದೆ, ಫಂಗಸ್ ಹೋಯ್ತು, ಆದ್ರೆ ಒಂದು ಕಡೆ ಗಾಜನ್ನೇ ಕೊರೆದು ಗೆರೆ ಬಿದ್ದಿದೆ, ಅದು ಹೋಗಲ್ಲ. 40ಎಕ್ಸ್ ತುದಿಗೆ ಐಪಿಎ ಅದ್ದಿದ ಕಿವಿಕಡ್ಡೀನ ಒತ್ತದೆ ಸುತ್ತಿಸ್ತಾ ಹೋದೆ, ಆರು ಕಡ್ಡಿ ಹಳದಿಯಾದ ಮೇಲೆ ಗಾಜು ಕಾಣ್ತು.

ತಪ್ಪು: ಐಪಿಎ ನಿಧಾನ ಅನ್ನಿಸ್ತು ಅಂತ ನೇಲ್ ಪಾಲಿಶ್ ರಿಮೂವರ್ ಹಾಕಿದೆ. ಅದ್ರಲ್ಲಿ ಅಸಿಟೋನ್ ಇರತ್ತೆ. ಆಬ್ಜೆಕ್ಟಿವ್ ಮೇಲೆ ಬರೆದಿದ್ದ ನಂಬರಿನ ಬಣ್ಣ ಅಷ್ಟೂ ಕಡ್ಡಿಗೆ ಬಂತು. ಬಣ್ಣ ಹೋಗಿದ್ದು ದೊಡ್ಡ ವಿಷಯ ಅಲ್ಲ, ಗಾಜು ಗಾಜನ್ನ ಅಂಟಿಸಿರೋ ಅಂಟಿಗೆ ಅದು ತಗುಲಿದ್ರೆ ಲೆನ್ಸೇ ಹೋಗತ್ತೆ. ಯಾರೂ ಹಾಕ್ಬೇಡಿ. ಆಬ್ಜೆಕ್ಟಿವ್‌ನ ಬಿಚ್ಚೋಕೂ ಹೋಗ್ಬೇಡಿ, ಹೊರಗಿನಿಂದ ಎಷ್ಟಾಗತ್ತೋ ಅಷ್ಟೇ.

ಫೋಕಸ್ ತಿರುಗಣೆಯ ಹಲ್ಲುಗಳಲ್ಲಿ ಹಳೇ ಗ್ರೀಸು ಗಟ್ಟಿಯಾಗಿ ಕೂತಿತ್ತು, ಸೀಮೆಎಣ್ಣೆ ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೆಗೆದು ಸೈಕಲ್ ಬೇರಿಂಗಿಗೆ ಹಾಕೋ ಗ್ರೀಸ್ ಹಚ್ಚಿದೆ. ಈಗ ಬೆಣ್ಣೆ ಥರ ತಿರುಗತ್ತೆ, ಆದ್ರೆ ಕೈ ಬಿಟ್ರೆ ಟ್ಯೂಬ್ ತಾನೇ ಕೆಳಗೆ ಜಾರತ್ತೆ. ಅದು ಗೊತ್ತಾಗೋ ಹೊತ್ತಿಗೆ 100ಎಕ್ಸ್ ಬಂದು ಕೂತು ಎರಡು ಸ್ಲೈಡ್ ಒಡೆದಿತ್ತು. ಆ ಲೆನ್ಸಿಗೆ ತುದೀಲಿ ಸ್ಪ್ರಿಂಗ್ ಇರೋದ್ರಿಂದ ಗಾಜು ಉಳೀತು. ನಮ್ಮ ಬೀದೀಲಿ ಒಬ್ಬರು ರಿಟೈರ್ಡ್ ಲ್ಯಾಬ್ ಟೆಕ್ನೀಶಿಯನ್ ಇದಾರೆ, ನಾವೆಲ್ಲ ಮಾಮ ಅಂತೀವಿ, ಅವರನ್ನ ಕೇಳಿದ್ರೆ "ಎರಡು ಕಡೆ ತಿರುಗಣೆನೂ ಹಿಡ್ಕೊಂಡು ಒಂದನ್ನ ಮುಂದಕ್ಕೆ ಒಂದನ್ನ ಹಿಂದಕ್ಕೆ ತಿರುಚು ತಂಗಿ, ಬಿಗಿಯಾಗತ್ತೆ" ಅಂದ್ರು. ಆಯ್ತು.

ಜೂನ್ 22: ಬೆಳಕು

ಮಳೆಗಾಲದಲ್ಲಿ ಕನ್ನಡಿ ನಂಬ್ಕೊಂಡ್ರೆ ಏನೂ ಕಾಣಲ್ಲ, ಅದಕ್ಕೆ ಕನ್ನಡಿ ತೆಗೆದು ಅದೇ ಜಾಗದಲ್ಲಿ 1 ವ್ಯಾಟಿನ ಬಿಳಿ ಎಲ್‌ಇಡಿ ಕೂರಿಸಿದೆ. ಹಳೇ ಮೊಬೈಲ್ ಚಾರ್ಜರ್ 5 ವೋಲ್ಟು, ಎಲ್‌ಇಡಿ ಸುಮಾರು 3.2 ವೋಲ್ಟ್ ತಗೊಳತ್ತೆ, ಮಧ್ಯೆ 22 ಓಮ್ ರೆಸಿಸ್ಟರ್ ಹಾಕಿದ್ರೆ 80 ಮಿಲಿಆಂಪ್ ಹತ್ರ ಹರಿಯತ್ತೆ. ಅಷ್ಟು ಸಾಕು, ಬಿಸಿಯೂ ಆಗಲ್ಲ. ಎಲ್‌ಇಡಿ 20 ರೂ., ರೆಸಿಸ್ಟರ್ 5.

ಮೊದಲ ಸಲ ಹಚ್ಚಿ ಐಪೀಸಲ್ಲಿ ನೋಡಿದ್ರೆ ಮಧ್ಯದಲ್ಲಿ ಒಂದು ಹಳದಿ ಚೌಕ, ಸುತ್ತ ಕತ್ತಲೆ. ಅದು ಎಲ್‌ಇಡಿಯದೇ ಬಿಂಬ! ಬೆಳಕು ಹರಡೋಕೆ ಟ್ರೇಸಿಂಗ್ ಪೇಪರ್ ಇಟ್ಟೆ, ಪೇಪರಿನ ನಾರು ಕಾಣೋಕೆ ಶುರುವಾಯ್ತು. ಕೊನೆಗೆ 20 ರೂ.ನ ಟೇಬಲ್ ಟೆನಿಸ್ ಬಾಲು ಅರ್ಧಕ್ಕೆ ಕೊಯ್ದು ಎಲ್‌ಇಡಿ ಮೇಲೆ ಕವುಚಿ ಹಾಕಿದ್ಮೇಲೆ ಹಾಲು ಚೆಲ್ಲಿದ ಹಾಗೆ ಸಮನಾದ ಬೆಳಕು ಬಂತು.

ಅವತ್ತೇ ಅಳತೆನೂ ಮಾಡಿಟ್ಟೆ. ಪ್ಲಾಸ್ಟಿಕ್ ಸ್ಕೇಲನ್ನ 10ಎಕ್ಸ್ ಕೆಳಗಿಟ್ರೆ ಕಣ್ಣಿಗೆ ಕಾಣೋ ವೃತ್ತದ ಅಗಲ 1.8 ಮಿಲಿಮೀಟರ್. ಹಾಗಾದ್ರೆ 100ಎಕ್ಸಲ್ಲಿ ಅದ್ರ ಹತ್ತನೇ ಒಂದು ಭಾಗ, 180 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಇದನ್ನ ಪೆಟ್ಟಿಗೆ ಮುಚ್ಚಳದ ಒಳಗೆ ಬರೆದು ಅಂಟಿಸಿದೀನಿ, ಮುಂದೆ ಏನು ಕಂಡ್ರೂ ಅದು ಎಷ್ಟು ದೊಡ್ಡದು ಅಂತ ಹೇಳೋಕೆ ಇದೇ ಆಧಾರ.

ಜೂನ್ 28, ಶನಿವಾರ: ಮಕ್ಕಳಿಗೆ ತಪ್ಪು ತೋರಿಸಿದ ದಿನ

ಇದನ್ನ ಬಿಡಿಸಿ ಬರೀಬೇಕು.

ಬೆಳಿಗ್ಗೆ ಮನೆಯಿಂದ ಮೊಸರು ತಗೊಂಡು ಹೋದೆ, ಒಂದು ಹನಿಗೆ ನೀರು ಬೆರೆಸಿ ಕವರ್ ಸ್ಲಿಪ್ ಮುಚ್ಚಿ 40ಎಕ್ಸಲ್ಲಿ ಇಟ್ಟೆ. ಏನು ಕಾಣ್ತು ಅಂತೀರಿ, ತುಂಬಾ ತುಂಬಾ ಸಣ್ಣ ಗುಂಡು ಗುಂಡು ಚುಕ್ಕಿಗಳು, ಹೊಳೀತಾ ಇದಾವೆ, ಎಲ್ಲಾ ನಡುಗ್ತಾ ಇದಾವೆ. ನನಗೆ ಮೈ ಜುಂ ಅಂತು. "ಬನ್ನಿ, ಬ್ಯಾಕ್ಟೀರಿಯಾ ನೋಡಿ, ಜೀವಂತ ಇದಾವೆ, ಹೆಂಗೆ ಅಲ್ಲಾಡ್ತಿದಾವೆ ನೋಡಿ" ಅಂತ ಕರೆದೆ. 34 ಮಕ್ಕಳು ಸಾಲಾಗಿ ಬಂದು ನೋಡಿದ್ರು, ಚಿತ್ರ ಬರ್ಕೊಂಡ್ರು, ಕೆಳಗೆ "ಮೊಸರಿನಲ್ಲಿರುವ ಬ್ಯಾಕ್ಟೀರಿಯಾ" ಅಂತ ನಾನೇ ಬರೆಸಿದೆ.

ಬೆಲ್ ಹೊಡೆಯೋ ಹೊತ್ತಿಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಬಂದು ಕೇಳಿದ್ಲು: "ಮಿಸ್, ಹೆಪ್ಪು ಹಾಕದೇ ಇರೋ ಹಾಲಲ್ಲಿ ಏನ್ ಕಾಣತ್ತೆ?"

ಏನೂ ಇರಲ್ಲ ಅಂತ ಬಾಯಿಗೆ ಬಂದಿತ್ತು. ಆದ್ರೆ ನಾನು ನೋಡಿರ್ಲಿಲ್ಲ. ತಗೊಂಡು ಬಾ, ನೋಡೋಣ ಅಂದೆ. ಸೋಮವಾರ ಅವಳು ಸ್ಟೀಲ್ ಡಬ್ಬೀಲಿ ಬೆಳಿಗ್ಗೆ ಕರೆದು ಕಾಯಿಸಿದ ಹಾಲು ತಂದ್ಲು. ಇನ್ನೂ ಬೆಚ್ಚಗಿತ್ತು. ಒಂದು ಹನಿ ಇಟ್ಟು ನೋಡಿದ್ರೆ ಅದೇ ಗುಂಡು ಚುಕ್ಕಿಗಳು, ಅದೇ ಹೊಳಪು, ಅದೇ ನಡುಕ. ಕುದಿಸಿದ ಹಾಲಲ್ಲಿ ಇಷ್ಟೊಂದು ಬ್ಯಾಕ್ಟೀರಿಯಾ ಹಬ್ಬ ಮಾಡ್ತಾ ಇರೋಕೆ ಸಾಧ್ಯವೇ ಇಲ್ಲ. ನಾನು ತೋರಿಸಿದ್ದು ಹಾಲಿನ ಕೊಬ್ಬಿನ ಹನಿಗಳು.

ಆಮೇಲೆ ಕೂತು ನೋಡಿದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯತ್ತೆ. ಕೊಬ್ಬಿನ ಹನಿ ಒಂದು ಮೈಕ್ರಾನಿಂದ ಹತ್ತರವರೆಗೆ ಎಲ್ಲಾ ಸೈಜಲ್ಲೂ ಇರತ್ತೆ, ಕೈವಾರದಲ್ಲಿ ಬರೆದ ಹಾಗೆ ಪೂರ್ತಿ ಗುಂಡಗೆ. ಬ್ಯಾಕ್ಟೀರಿಯಾ ಆದ್ರೆ ಒಂದು ಜಾತಿಯವು ಹೆಚ್ಚು ಕಡಿಮೆ ಒಂದೇ ದಪ್ಪ ಇರತ್ವೆ. ನಡುಕ ಅಂತೂ ಜೀವದ ಲಕ್ಷಣವೇ ಅಲ್ಲ, ನೀರಿನ ಕಣಗಳು ಸುತ್ತಲಿಂದ ಗುದ್ದೋದ್ರಿಂದ ಆಗೋ ಅಲುಗಾಟ, 1827ರಲ್ಲಿ ರಾಬರ್ಟ್ ಬ್ರೌನ್ ಪರಾಗದ ಒಳಗಿನ ಕಣಗಳಲ್ಲಿ ನೋಡಿದ್ದು ಇದನ್ನೇ. ಇನ್ನೊಂದು ವಿಷಯ, ಮೊಸರಿನ ಬ್ಯಾಕ್ಟೀರಿಯಾಗಳಿಗೆ ಈಜೋ ಬಾಲವೇ ಇಲ್ಲ, ಅವು ತಾವಾಗಿ ಓಡಾಡಲ್ಲ. ಅಂದ್ರೆ ನಾನು ಯಾವುದನ್ನ ಜೀವಂತ ಅನ್ನೋದಕ್ಕೆ ಸಾಕ್ಷಿ ಅಂತ ತೋರಿಸಿದ್ನೋ ಅದು ಸಾಕ್ಷಿಯೇ ಅಲ್ಲ.

ಜುಲೈ 1ಕ್ಕೆ ಕ್ಲಾಸಲ್ಲಿ ಎಲ್ಲರ ನೋಟ್ ಬುಕ್ ತೆಗೆಸಿ ಆ ಹೆಸರು ಹೊಡೆದು ಹಾಕಿಸಿ "ಹಾಲಿನ ಕೊಬ್ಬಿನ ಹನಿಗಳು" ಅಂತ ಬರೆಸಿದೆ. ಯಾಕೆ ಅಂತನೂ ಹೇಳಿದೆ, ಯಾರ ಪ್ರಶ್ನೆಯಿಂದ ಗೊತ್ತಾಯ್ತು ಅಂತನೂ ಹೇಳಿದೆ. ಅವತ್ತಿಂದ ಕ್ಲಾಸಲ್ಲಿ ಒಂದು ಪದ್ಧತಿ ಶುರುವಾಯ್ತು, ಯಾವುದನ್ನ ನೋಡಿದ್ರೂ ಪಕ್ಕದಲ್ಲಿ "ಏನೂ ಹಾಕದ್ದು" ಒಂದು ಇರ್ಲೇಬೇಕು.

ಕೆರೆ ನೀರನ್ನೂ ಆ ವಾರವೇ ನೋಡಿದ್ವಿ. ಪ್ಯಾರಮೀಸಿಯಮ್ ಅನ್ನೋ ಒಂದೇ ಜೀವಕೋಶದ ಜೀವಿ ಸಿಕ್ತು, ಅದಂತೂ ಮೈಕ್ರಾನಲ್ಲಿ ನೂರರ ಮೇಲೆ ಇರೋ ದೈತ್ಯ, 10ಎಕ್ಸಿಗೇ ಕಾಣತ್ತೆ. ತುಂಬಾ ಜೋರಾಗಿ ಓಡತ್ತೆ ಅಂತ ಹತ್ತಿಯ ಎರಡು ಎಳೆ ಹಾಕಿದ್ರೆ ಅದ್ರ ಮಧ್ಯೆ ಸಿಕ್ಕಿ ನಿಧಾನ ಆಗತ್ತೆ.

ಜುಲೈ 6: ಎಣ್ಣೆ

ಬ್ಯಾಕ್ಟೀರಿಯಾ ನೋಡೋಕೆ 100ಎಕ್ಸ್ ಬೇಕು, 100ಎಕ್ಸಿಗೆ ಲೆನ್ಸಿಗೂ ಸ್ಲೈಡಿಗೂ ಮಧ್ಯೆ ಎಣ್ಣೆ ಬೇಕು. ಶಿವಮೊಗ್ಗದಿಂದ ಇಮ್ಮರ್ಶನ್ ಆಯಿಲ್ ತರಿಸಿದ್ದೆ, ಮಳೆಗೆ ಪಾರ್ಸೆಲ್ ತಡ ಆಯ್ತು. ಕಾಯೋಕಾಗದೆ ಕೊಬ್ಬರಿ ಎಣ್ಣೆ ಹಾಕಿ ನೋಡಿದೆ, ಮಸುಕು, ಸಾಲದ್ದಕ್ಕೆ ಈ ತಂಡಿಗೆ ಲೆನ್ಸ್ ಮೇಲೇ ಗಟ್ಟಿಯಾಗೋಕೆ ಶುರುವಾಯ್ತು. ಹರಳೆಣ್ಣೆ ಹಾಕಿದೆ, ಅದಕ್ಕಿಂತ ವಾಸಿ, ಆದ್ರೆ ಅಂಚೆಲ್ಲ ಒಡೆದು ಕಾಣತ್ತೆ. ಬೆಳಕು ಬಾಗೋ ಲೆಕ್ಕದಲ್ಲಿ ಗಾಜು ಸುಮಾರು 1.52, ಹರಳೆಣ್ಣೆ 1.48, ಕೊಬ್ಬರಿ ಎಣ್ಣೆ 1.45. ಇಮ್ಮರ್ಶನ್ ಆಯಿಲನ್ನ ಗಾಜಿಗೆ ಹೊಂದೋ ಹಾಗೆ 1.515ಕ್ಕೇ ಮಾಡಿರ್ತಾರೆ. ಮೂರು ದಿನ ಬಿಟ್ಟು ಅದು ಬಂತು, 190 ರೂ., ಒಂದೇ ಹನಿಗೆ ಚಿತ್ರ ಚೂರಿಯಲ್ಲಿ ಕೊಯ್ದ ಹಾಗಾಯ್ತು. ಅಡುಗೆ ಮನೆ ಎಣ್ಣೆಯಲ್ಲಿ ಹೊತ್ತು ಕಳೀಬೇಡಿ.

ತಪ್ಪು: ಕಂಡೆನ್ಸರನ್ನ ಕೆಳಗಿಳಿಸಿ ಅದ್ರ ಕಿಂಡಿ ಚಿಕ್ಕದು ಮಾಡಿಟ್ಟಿದ್ದೆ, ಕಾಂಟ್ರಾಸ್ಟ್ ಚೆನ್ನಾಗಿ ಕಾಣತ್ತೆ ಅಂತ. ಹಾಗಿಟ್ರೆ ಪ್ರತಿ ಧೂಳಿನ ಕಣದ ಸುತ್ತಲೂ ಉಂಗುರ ಬಂದು ಅದೇ ಜೀವಕೋಶದ ಥರ ಕಾಣತ್ತೆ. 100ಕ್ಕೆ ಹೋದಾಗ ಕಂಡೆನ್ಸರ್ ಪೂರ್ತಿ ಮೇಲೆ, ಕಿಂಡಿ ಅಗಲ.

ಜುಲೈ 13 ಮತ್ತು 20: ಗ್ರಾಮ್ ಸ್ಟೇನ್

ಬಣ್ಣ ಹಾಕದೆ ಬ್ಯಾಕ್ಟೀರಿಯಾ ನೀರಿನ ಥರ ಪಾರದರ್ಶಕ. ಗ್ರಾಮ್ ಸ್ಟೇನ್ ಕಿಟ್ 520, ಸ್ಲೈಡ್ 50ರ ಬಾಕ್ಸ್ 110, ಕವರ್ ಸ್ಲಿಪ್ 80. 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅನ್ನೋ ಡೆನ್ಮಾರ್ಕಿನ ಡಾಕ್ಟರ್ ಬರ್ಲಿನ್‌ನಲ್ಲಿದ್ದಾಗ ಕಂಡುಹಿಡಿದ ಕ್ರಮವೇ ಇವತ್ತಿಗೂ ಎಲ್ಲಾ ಆಸ್ಪತ್ರೆ ಲ್ಯಾಬಲ್ಲೂ ನಡೀತಿದೆ. ಗೋಡೆ ದಪ್ಪ ಇರೋ ಬ್ಯಾಕ್ಟೀರಿಯಾ ನೇರಳೆ ಬಣ್ಣ ಹಿಡ್ಕೊಳತ್ತೆ, ತೆಳು ಗೋಡೆಯದು ಸ್ಪಿರಿಟ್ಟಿಗೆ ಬಿಟ್ಟುಬಿಟ್ಟು ಆಮೇಲೆ ಹಾಕಿದ ಗುಲಾಬಿ ತಗೊಳತ್ತೆ.

ಮೊದಲ ಸ್ಲೈಡು: ಮೊಸರು ದಪ್ಪಗೆ ಬಳಿದೆ. ಎಲ್ಲಾ ಒಂದೇ ನೇರಳೆ ಗೋಡೆ, ಏನೂ ಬಿಡಿಸಿ ಕಾಣಲ್ಲ.

ಎರಡನೇದು: ಬೆಂಕಿಗೆ ಹಿಡಿಯೋದು ಮರೆತೆ, ನಲ್ಲಿ ನೀರಿಗೆ ಒಡ್ಡಿದ ತಕ್ಷಣ ಪೂರ್ತಿ ಕೊಚ್ಚಿ ಹೋಗಿ ಗಾಜು ಖಾಲಿ.

ಮೂರನೇದು: ಸ್ಪಿರಿಟ್ಟನ್ನ ಒಂದು ನಿಮಿಷ ಬಿಟ್ಟೆ, ಎಲ್ಲಾ ಗುಲಾಬಿ ಆಯ್ತು. ಮೊಸರಿನ ಬ್ಯಾಕ್ಟೀರಿಯಾ ನೇರಳೆ ಬರಬೇಕು ಅಂತ ಗೊತ್ತಿದ್ದಿದ್ದಕ್ಕೆ ತಪ್ಪು ಅಂತ ತಿಳೀತು, ಗೊತ್ತಿಲ್ಲದ ಸ್ಯಾಂಪಲ್ ಆಗಿದ್ರೆ ಅದನ್ನೇ ನಂಬಿಬಿಡ್ತಿದ್ದೆ.

20ನೇ ತಾರೀಕು ಭಾನುವಾರ ಮಾಮ ಮನೆಗೇ ಬಂದು ಕೂತ್ರು. ಮೂವತ್ತು ವರ್ಷ ಕಫದ ಸ್ಲೈಡ್ ನೋಡಿದ ಕಣ್ಣು, ಕೈ ಇನ್ನೂ ನಡುಗಲ್ಲ. ಅವರು ಮಾಡ್ಸಿದ್ದು ಹೀಗೆ: ಕಾಲು ಚಮಚ ಮೊಸರಿಗೆ ಎರಡು ಚಮಚ ಕುದಿಸಿ ಆರಿಸಿದ ನೀರು, ಅದ್ರದ್ದು ಒಂದು ಸಣ್ಣ ಹನಿ ಸ್ಲೈಡ್ ಮೇಲೆ ಎಂಟಾಣೆ ಅಗಲಕ್ಕೆ ಬಳಿ, ಕೆಳಗೆ ಪೇಪರ್ ಇಟ್ರೆ ಅಕ್ಷರ ಓದೋ ಹಾಗಿರ್ಬೇಕು. ತಾನಾಗೇ ಒಣಗ್ಲಿ. ಸ್ಪಿರಿಟ್ ದೀಪದ ಮೇಲೆ ಮೂರು ಸಲ ಆಡಿಸು, ಹಿಂಗೈಗೆ ತಾಗಿಸಿದ್ರೆ ಬೆಚ್ಚಗಿರ್ಬೇಕು, ಸುಡಬಾರ್ದು. ಆರಿದ ಮೇಲೆ ದೀಪ ಆರಿಸಿ ದೂರ ಇಟ್ಟು ಒಂದ್ಸಲ ಸ್ಪಿರಿಟ್ ಹಾಕಿ ಕೊಬ್ಬು ತೊಳಿ, ಒಣಗಿಸು. ಕ್ರಿಸ್ಟಲ್ ವೈಲೆಟ್ (ನೇರಳೆ ಬಣ್ಣ) ಒಂದು ನಿಮಿಷ, ತೊಳಿ. ಅಯೋಡಿನ್ ಒಂದು ನಿಮಿಷ, ತೊಳಿ. ಸ್ಲೈಡ್ ಓರೆ ಹಿಡಿದು ಸ್ಪಿರಿಟ್ ಹನಿ ಹನಿಯಾಗಿ, ಕೆಳಗೆ ಬೀಳೋ ಹನೀಲಿ ನೇರಳೆ ನಿಂತ ತಕ್ಷಣ ನೀರು, ಹತ್ತು ಹದಿನೈದು ಸೆಕೆಂಡ್ ಅಷ್ಟೇ. ಸ್ಯಾಫ್ರನಿನ್ (ಗುಲಾಬಿ ಬಣ್ಣ) ಒಂದು ನಿಮಿಷ, ತೊಳೆದು ಒಣಗಿಸು. ನೀರು ಯಾವಾಗ್ಲೂ ಸ್ಲೈಡಿನ ಮೇಲ್ತುದಿಗೆ, ಬಳಿದ ಜಾಗಕ್ಕೆ ನೇರ ಅಲ್ಲ.

ಮಾಮನೇ ಫೋಕಸ್ ಮಾಡಿ ಎದ್ದು ನನಗೆ ಜಾಗ ಬಿಟ್ರು. ನಸುಗುಲಾಬಿ ನೆಲದ ಮೇಲೆ ಕಡು ನೇರಳೆ ಮಣಿಗಳು, ಎರಡೆರಡು ಜೋಡಿಯಾಗಿ, ಕೆಲವು ಕಡೆ ಆರೇಳು ಸೇರಿ ಬಾಗಿದ ಸರ. ಕರಿಮಣಿ ಸರ ಹರಿದು ನೆಲದ ಮೇಲೆ ಬಿದ್ದು ದಾರದಲ್ಲೇ ಉಳಿದ ತುಂಡುಗಳು ಹೇಗಿರತ್ತೋ ಹಾಗೆ. ಅವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಉದ್ದ ಕಡ್ಡಿ, ನೇರವಾಗಿ, ಎರಡು ಕಡ್ಡಿ ತುದಿಗೆ ತುದಿ ಸೇರ್ಕೊಂಡಿದ್ದೂ ಇತ್ತು. ಒಂದು ಕಡ್ಡಿಯ ಉದ್ದ ಇಟ್ಕೊಂಡು ವೃತ್ತದ ಅಗಲಕ್ಕೆ ಎಷ್ಟು ಹಿಡಿಯತ್ತೆ ಅಂತ ಅಂದಾಜು ಹಾಕಿದೆ, ಸುಮಾರು 60. 180ನ್ನ 60ರಿಂದ ಭಾಗಿಸಿದ್ರೆ 3 ಮೈಕ್ರಾನ್. ಮಣಿ ಒಂದು ಮೈಕ್ರಾನ್ ಹತ್ರ. ಕಣ್ಣಲ್ಲಿ ನೀರು ಬಂತು, ಸುಮ್ನೆ ಹೇಳ್ತಿಲ್ಲ. ಹನ್ನೊಂದು ವರ್ಷ ಬೋರ್ಡ್ ಮೇಲೆ ಬರೆದಿದ್ದು ಅಲ್ಲಿ ಕೂತಿತ್ತು.

ಪಕ್ಕದಲ್ಲಿ "ಏನೂ ಹಾಕದ್ದು" ಅಂತ ಕಾಯಿಸಿದ ಹಾಲಿನ ಸ್ಲೈಡೂ ಮಾಡಿದ್ವಿ, ಅದೇ ಬಣ್ಣ, ಅದೇ ಹೊತ್ತು. ಹತ್ತು ಕಡೆ ಸರಿಸಿ ನೋಡಿದ್ರೂ ಮಣಿ ಸರ ಇಲ್ಲ, ಕಡ್ಡಿ ಇಲ್ಲ.

ಗುಲಾಬಿ ಬರೋದು ಹೇಗಿರತ್ತೆ ಅಂತ ನೋಡೋಕೆ ನನ್ನ ಹಲ್ಲಿನ ಸಂದಿಯಿಂದ ಟೂತ್‌ಪಿಕ್‌ನಲ್ಲಿ ಕೆರೆದು ಬಳಿದೆ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಕೊಳೆಯಲ್ಲೇ ಇವನ್ನ ನೋಡಿ ಲಂಡನ್‌ನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ರು, ಅದೂ ಕೈಲಿ ಹಿಡಿಯೋ ಒಂದೇ ಲೆನ್ಸಿನ ಯಂತ್ರದಲ್ಲಿ. ನನ್ನ ಸ್ಲೈಡಲ್ಲಿ ನೇರಳೆ ಮಣಿ, ಗುಲಾಬಿ ಕಡ್ಡಿ, ಎರಡು ತುದಿ ಚೂಪಾದ ಉದ್ದ ಗುಲಾಬಿ ಎಳೆಗಳು, ಮಧ್ಯೆ ಚಪ್ಪಡಿ ಕಲ್ಲಿನ ಥರ ಕೆನ್ನೆಯ ಜೀವಕೋಶ, ಎಲ್ಲಾ ಒಂದೇ ಕಡೆ. ಗ್ರಾಮ್ ಸ್ಟೇನ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಸ್ಯಾಂಪಲ್ ಮನೇಲಿ ಸಿಗಲ್ಲ, ಎರಡು ಬಣ್ಣವೂ ಬಂದ್ರೆ ಕ್ರಮ ಸರಿಯಿದೆ ಅಂತ.

ಜುಲೈ 27: ದೋಸೆ ಹಿಟ್ಟು

ರಾತ್ರಿ ಇಟ್ಟು ಉಬ್ಬಿದ ಹಿಟ್ಟಿನ ಸ್ಲೈಡಲ್ಲಿ ಕಪ್ಪನೆ, ಮೂಲೆ ಮೂಲೆ ಇರೋ ದೊಡ್ಡ ದೊಡ್ಡ ಕಣಗಳು, 5 ಮೈಕ್ರಾನ್ ಹತ್ರ. ಈಸ್ಟ್ ಅಂದ್ಕೊಂಡೆ. ಆಗ ಈಗಷ್ಟೇ ರುಬ್ಬಿದ ಹಿಟ್ಟಿಂದೂ ಒಂದು ಸ್ಲೈಡ್ ಮಾಡಿದ್ದು ನೆನಪಾಗಿ ಅದನ್ನ ಇಟ್ಟೆ, ಅದೇ ಕಣ ಅಷ್ಟೇ ಇದೆ. ಅಕ್ಕಿಯ ಪಿಷ್ಟ! ಗ್ರಾಮ್ ಸ್ಟೇನಲ್ಲಿರೋ ಅಯೋಡಿನ್ ಪಿಷ್ಟಕ್ಕೆ ತಾಗಿ ಕಪ್ಪಾಗಿದೆ. ಹಿಟ್ಟನ್ನ ನೀರಲ್ಲಿ ಕದಡಿ ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ತಗೊಂಡ್ಮೇಲೆ ಪಿಷ್ಟ ತುಂಬಾ ಕಡಿಮೆ ಆಯ್ತು, ಜೋಡಿ ಮಣಿಗಳು ಕಂಡ್ವು. ಇಡ್ಲಿ ಹಿಟ್ಟಲ್ಲಿ ಗಾಳಿ ಹುಟ್ಟಿಸೋದು ಮುಖ್ಯವಾಗಿ ಲ್ಯುಕೊನೋಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ, ಅದೂ ಇಂಥ ಮಣಿಯೇ, ಆದ್ರೆ ಬರೀ ಆಕಾರ ನೋಡಿ ಇದು ಅದೇ ಅಂತ ಹೆಸರು ಹೇಳೋಕೆ ಬರಲ್ಲ, ಮಕ್ಕಳಿಗೂ ಹಾಗೇ ಹೇಳಿದೆ.

ಜುಲೈ 12 ರಿಂದ ಆಗಸ್ಟ್ 7: ಇನ್‌ಕ್ಯುಬೇಟರು, ಅಗಾರ್ ಪ್ಲೇಟು (ಮೇಲಿನ ಕೆಲಸದ ಜೊತೆಜೊತೆಗೇ ನಡೆದಿದ್ದು)

ಕೈ ಮೇಲಿನ ಬ್ಯಾಕ್ಟೀರಿಯಾನ ಬೆಳೆಸಿ ತೋರಿಸೋಕೆ ಒಂದೇ ಬಿಸಿಯಲ್ಲಿಡೋ ಪೆಟ್ಟಿಗೆ ಬೇಕು, ಅದೇ ಇನ್‌ಕ್ಯುಬೇಟರು. ಮೆಡಿಕಲ್ ಶಾಪಲ್ಲಿ ಬಿಸಾಡೋ ಥರ್ಮೋಕೋಲ್ ಡಬ್ಬ ಪುಕ್ಕಟೆ. ಥರ್ಮೋಸ್ಟಾಟ್ ಬೋರ್ಡ್ 170, 12 ವೋಲ್ಟ್ ಅಡಾಪ್ಟರ್ 150, ಹೋಲ್ಡರ್ ಮತ್ತು ಬಲ್ಬ್ 60, ಹಳೇ ಕಂಪ್ಯೂಟರಿನ ಫ್ಯಾನ್. ಮೊದಲು 40 ವ್ಯಾಟ್ ಬಲ್ಬ್ ಹಾಕಿದ್ದೆ, ಪಕ್ಕದ ಗೋಡೆ ಕರಗಿ ಕುಳಿ ಬಿತ್ತು, 30 ಡಿಗ್ರಿಗೆ ಸೆಟ್ ಮಾಡಿದ್ರೆ 36ಕ್ಕೆ ಹೋಗಿ ನಿಲ್ತಿತ್ತು. ಜೀರೋ ಬಲ್ಬ್ ಹಾಕಿ ಅದನ್ನ ಖಾಲಿ ಹಾಲಿನ ಪುಡಿ ಡಬ್ಬದ ಒಳಗಿಟ್ಟು ಸೆನ್ಸರನ್ನ ಪ್ಲೇಟ್ ಇಡೋ ಜಾಗಕ್ಕೆ ತಂದ ಮೇಲೆ 28ರಿಂದ 29ರ ಒಳಗೆ ನಿಲ್ಲತ್ತೆ. 230 ವೋಲ್ಟಿನ ವೈರಿಂಗು ನಾನು ಮಾಡಿಲ್ಲ, ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿದೆ.

37 ಡಿಗ್ರಿ ಇಡೋಣ ಅಂತಿದ್ದೆ, ಮಾಮ ಬೇಡ ಅಂದ್ರು. ಅದು ಮನುಷ್ಯನ ಮೈ ಬಿಸಿ, ಮನುಷ್ಯನಿಗೆ ಕಾಯಿಲೆ ತರೋವಕ್ಕೆ ಅದೇ ಹಿತ, ಶಾಲೇಲಿ 30ರ ಕೆಳಗೇ ಇರ್ಲಿ. ಇದನ್ನ ಯಾರೂ ಹಗುರವಾಗಿ ತಗೋಬೇಡಿ.

ಬ್ಯಾಕ್ಟೀರಿಯಾ ಬೆಳೆಯೋದು ಪ್ಲೇಟಲ್ಲಿ ಹುಯ್ದು ಗಟ್ಟಿ ಮಾಡಿದ ಅಗಾರ್ ಮೇಲೆ. ಅಗಾರ್ ಅಂದ್ರೆ ನಮ್ಮ ಅಂಗಡೀಲಿ ಸಿಗೋ ಚೈನಾ ಗ್ರಾಸ್. ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕೋಚ್ ಅವರ ಲ್ಯಾಬಿಗೆ 1881ರಲ್ಲಿ ಇದನ್ನ ಸೂಚಿಸಿದ್ದು ಅಲ್ಲಿ ಕೆಲಸ ಮಾಡ್ತಿದ್ದ ಡಾಕ್ಟರೊಬ್ಬರ ಹೆಂಡತಿ ಫ್ಯಾನಿ ಹೆಸ್ಸೆ, ಅಡುಗೆ ಮನೆಯ ಅನುಭವದಿಂದ. ಜೆಲಾಟಿನ್ ಬೇಸಿಗೇಲಿ ಕರಗ್ತಿತ್ತು, ಇದು ಕರಗಲ್ಲ. 40 ರೂ.ನ ಪ್ಯಾಕೆಟ್ ತಂದು ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ ಹಾಕಿ ಮಾಡಿದೆ, ಆದ್ರೆ ಅರ್ಧ ಲೀಟರಿಗೆ 5 ಗ್ರಾಂ ಮಾತ್ರ ಹಾಕಿದ್ದೆ. ಕೂತ್ಕೊಳ್ಳಲೇ ಇಲ್ಲ, ಪಾಯಸದ ಹಾಗಿತ್ತು. ಲೀಟರಿಗೆ 15 ಗ್ರಾಂ ಬೇಕು. ಆಮೇಲೆ ಬ್ಯಾಕ್ಟೀರಿಯಾಗೆ ಬೇಕಾದ ಆಹಾರ ಬೆರೆಸಿರೋ ನ್ಯೂಟ್ರಿಯೆಂಟ್ ಅಗಾರ್ ಪುಡಿಯೇ ತರಿಸಿದೆ, 100 ಗ್ರಾಂಗೆ 780 ರೂ., ಲೀಟರಿಗೆ 28 ಗ್ರಾಂ, ಹತ್ತು ಪ್ಲೇಟಿಗೆ 200 ಎಂಎಲ್ ಅಂದ್ರೆ 5.6 ಗ್ರಾಂ ಸಾಕು. ಪ್ಲಾಸ್ಟಿಕ್ ಪೆಟ್ರಿ ಪ್ಲೇಟ್ 25ಕ್ಕೆ 300.

ಅಗಾರಲ್ಲಿ ಮೊದಲೇ ಇರೋ ಸೂಕ್ಷ್ಮಜೀವಿಗಳನ್ನ ಹಬೆಯ ಒತ್ತಡದಲ್ಲಿ ಸಾಯಿಸೋಕೆ ಲ್ಯಾಬಲ್ಲಿ ಆಟೋಕ್ಲೇವ್ ಇರತ್ತೆ, ನನಗೆ ಕುಕ್ಕರೇ ಆಟೋಕ್ಲೇವ್. ಒತ್ತಡ ಹಿಡಿದಾಗ ಒಳಗೆ 121 ಡಿಗ್ರಿ ಹತ್ರ ಹೋಗತ್ತೆ, ಹದಿನೈದು ನಿಮಿಷ ಬೇಕು.

ಜುಲೈ 26ರ ಬ್ಯಾಚ್ ಪೂರ್ತಿ ಹಾಳಾಯ್ತು. ಒಂದು, ಮೊದಲ ಸೀಟಿ ಆದ್ಮೇಲೆ ಐದೇ ನಿಮಿಷಕ್ಕೆ ಆರಿಸಿದೆ. ಎರಡು, ಅವಸರಕ್ಕೆ ವೆಯ್ಟ್ ಎತ್ತಿದೆ, ಒಳಗಿನ ಫ್ಲಾಸ್ಕ್ ಉಕ್ಕಿ ಹತ್ತಿ ಬಿರಡೆ ಒದ್ದೆಯಾಯ್ತು. ಮೂರು, ಅಡುಗೆ ಮನೇಲಿ ಫ್ಯಾನ್ ಹಾಕ್ಕೊಂಡೇ ಪ್ಲೇಟಿಗೆ ಹುಯ್ದೆ. ನಾಲ್ಕು, ತುಂಬಾ ಬಿಸಿ ಇರೋವಾಗ ಹುಯ್ದಿದ್ದಕ್ಕೆ ಮುಚ್ಚಳಕ್ಕೆ ಆವಿ ಹಿಡಿದು ನೀರು ತೊಟ್ಟಿಕ್ತು. 29ಕ್ಕೆ ನೋಡಿದ್ರೆ ಮುಟ್ಟದೇ ಇಟ್ಟಿದ್ದ ಪ್ಲೇಟಲ್ಲೂ ಕೆನೆ ಬಣ್ಣದ ಚುಕ್ಕೆ ನಾಲ್ಕು, ಹಸಿರು ಬೂಸ್ಟು ಒಂದು. "ಏನೂ ಹಾಕದ್ದು" ಇಟ್ಟಿರದಿದ್ರೆ ಉಳಿದ ಪ್ಲೇಟಲ್ಲಿ ಬಂದಿದ್ದೆಲ್ಲ ಮಕ್ಕಳ ಕೈಯಿಂದ ಬಂತು ಅಂತ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿರ್ತಿದ್ದೆ. ಹತ್ತೂ ಪ್ಲೇಟ್ ಎಸೆದೆ.

ಆಗಸ್ಟ್ 2ಕ್ಕೆ ಮತ್ತೆ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಕುಕ್ಕರ್ ತಾನಾಗೇ ಇಳಿಯೋವರೆಗೆ ಮುಟ್ಟಲಿಲ್ಲ, ಫ್ಯಾನ್ ಆಫ್, ಕಿಟಕಿ ಮುಚ್ಚಿ, ಸ್ಪಿರಿಟ್ ದೀಪದ ಪಕ್ಕ, ಫ್ಲಾಸ್ಕ್ ಕೈಲಿ ಹಿಡಿಯೋಕಾಗೋಷ್ಟು ಆರಿದ ಮೇಲೆ ಮುಚ್ಚಳ ಓರೆ ಮಾಡಿ ಹುಯ್ದೆ. ಗಟ್ಟಿಯಾದ ಮೇಲೆ ಕವುಚಿ ಒಂದು ದಿನ ಖಾಲಿ ಪ್ಲೇಟನ್ನೇ ಇನ್‌ಕ್ಯುಬೇಟರಲ್ಲಿಟ್ಟೆ. ಒಂದೂ ಚುಕ್ಕೆ ಬರಲಿಲ್ಲ.

ಸೋಮವಾರ ಶಾಲೇಲಿ ನಾಲ್ಕು ಥರ: ಆಟ ಆಡಿ ಬಂದ ಬೆರಳು, ನೀರಲ್ಲಿ ಮಾತ್ರ ತೊಳೆದದ್ದು, ಸೋಪು ಹಾಕಿ ಇಪ್ಪತ್ತು ಸೆಕೆಂಡ್ ಉಜ್ಜಿದ್ದು, ಏನೂ ಹಾಕದ್ದು. ಪ್ರತಿಯೊಂದಕ್ಕೂ ಎರಡೆರಡು ಪ್ಲೇಟು, ಅಂಚಿಗೆ ಪೂರ್ತಿ ಸೆಲೋಟೇಪ್, ಮತ್ತೆ ಯಾರೂ ತೆರೆಯೋ ಹಾಗಿಲ್ಲ. ಮಂಗಳವಾರ ರಾತ್ರಿ ಆರು ಗಂಟೆ ಕರೆಂಟ್ ಇರ್ಲಿಲ್ಲ, ಅದಕ್ಕೆ ಒಂದು ದಿನ ಜಾಸ್ತಿ ಇಟ್ಟೆ. ಗುರುವಾರ ಪ್ರತಿ ಪ್ಲೇಟಲ್ಲಿ ಎದ್ದ ಚುಕ್ಕೆಗಳನ್ನ ಎಣಿಸಿದ್ವಿ. ಆಟದ ಬೆರಳು 41 ಮತ್ತು 36. ನೀರಲ್ಲಿ ತೊಳೆದದ್ದು 58 ಮತ್ತು 49. ಸೋಪಿನದು 9 ಮತ್ತು 14. ಏನೂ ಹಾಕದ್ದು ಎರಡೂ ಸೊನ್ನೆ. ನೀರಲ್ಲಿ ತೊಳೆದಿದ್ದು ಜಾಸ್ತಿ ಬಂತಲ್ಲ ಅಂತ ಮಕ್ಕಳು ಗಲಾಟೆ. ಒದ್ದೆ ಬೆರಳಿಂದ ಸುಲಭವಾಗಿ ಬಿಟ್ಟು ಪ್ಲೇಟಿಗೆ ಇಳಿದಿರ್ಬಹುದು ಅಂತ ನನ್ನ ಊಹೆ, ಒಣ ಬಟ್ಟೇಲಿ ಒರೆಸಿಯೂ ಒಂದು ನೋಡೋಣ ಅಂತ ಅವರೇ ತೀರ್ಮಾನ ಮಾಡಿದಾರೆ. ಎರಡೆರಡೇ ಪ್ಲೇಟಲ್ಲಿ ಇದಕ್ಕಿಂತ ಹೆಚ್ಚು ಹೇಳೋಕಾಗಲ್ಲ.

ಆಗಸ್ಟ್ 10: ಸದ್ಯಕ್ಕೆ ಎಲ್ಲಿಗೆ ಬಂತು

ಎಲ್ಲಾ ಪ್ಲೇಟೂ ಟೇಪ್ ಬಿಚ್ಚದೇ ಚೀಲದಲ್ಲಿ ಹಾಕಿ ಕುಕ್ಕರಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ ಆಮೇಲೆ ಕಸಕ್ಕೆ. ಈ ಕುಕ್ಕರ್ ಇನ್ನು ಅಡುಗೆಗಿಲ್ಲ, ಮೇಲೆ ಕೆಂಪು ಬಣ್ಣದಲ್ಲಿ ಬರೆದಿಟ್ಟಿದೀನಿ. ಖರ್ಚು: ಮೈಕ್ರೋಸ್ಕೋಪ್ 1800, ಕ್ಲೀನಿಂಗ್ 550, ಬೆಳಕು 45, ಸ್ಟೇನ್ ಎಣ್ಣೆ ಸ್ಲೈಡು 900, ಇನ್‌ಕ್ಯುಬೇಟರ್ 380, ಅಗಾರ್ ಪ್ಲೇಟ್ 1120. ಒಟ್ಟು 4795 ರೂ.

ಸಣ್ಣ ಫೋಕಸ್ಸಲ್ಲಿ ಇನ್ನೂ ಆಟ ಇದೆ, ಕಾಲು ಸುತ್ತು ತಿರುಗಿಸಿದ್ಮೇಲೇ ಹಿಡಿಯತ್ತೆ. ಅದ್ರ ಒಳಗಿನ ಹಲ್ಲು ಸವೆದಿರ್ಬೇಕು, ಬಿಚ್ಚೋ ಧೈರ್ಯ ಬಂದಿಲ್ಲ, ಯಾರಾದ್ರೂ ಬಿಚ್ಚಿದ್ರೆ ದಯವಿಟ್ಟು ಹೇಳಿ. ಪೆಟ್ಟಿಗೆ ಒಳಗೆ ಸಿಲಿಕಾ ಜೆಲ್ ಎರಡು ಹಿಡಿ ಹಾಕಿದೀನಿ, ಹದಿನೈದು ದಿನಕ್ಕೊಮ್ಮೆ ಬಾಣಲೇಲಿ ಬಿಸಿ ಮಾಡಿ ಒಣಗಿಸ್ಬೇಕು, ಇಲ್ಲಾಂದ್ರೆ ಐಪೀಸಿಗೆ ಮತ್ತೆ ಫಂಗಸ್ ಬರತ್ತೆ.

ಮುಂದಿನ ಶನಿವಾರ ಕಳಲೆ ನೆನೆಸಿದ ನೀರು ನೋಡೋದು ಅಂತ ಆಗಿದೆ. ಹಾಲು ತಂದಿದ್ಲಲ್ಲ, ಅದೇ ಹುಡುಗಿ ಮನೇಲಿ ಕಳಲೆ ಕೊಚ್ಚಿ ನೆನೆ ಹಾಕಿದಾರಂತೆ. ಎರಡು ಬಾಟ್ಲಿ ತರ್ತೀನಿ ಮಿಸ್ ಅಂದ್ಲು, ಒಂದು ಮೂರು ದಿನ ಕಳಲೆ ನೆಂದ ನೀರು, ಇನ್ನೊಂದು ಅದೇ ಬಾವಿ ನೀರು, ಕಳಲೆ ಹಾಕದ್ದು.